ಹುಣ್ಣಿಮೆ ರಾತ್ರಿ ತಮಟೆ ಬಾರಿಸಿದವರ ಹೆಸರೇನು?

ಅವೆನ್ಯೂ ರಸ್ತೆ, ಬೆಂಗಳೂರು

ತನಿ ಆವರ್ತನಕ್ಕೆ ಎದ್ದು ಹೋಗದೆ ಕೂರುವ ಲಯರಸಿಕ ಗೆಳೆಯರಿಗೆ,

ಕೋಟೆ ಹೈಸ್ಕೂಲಿನ ಚಪ್ಪರದಲ್ಲಿ, ಗಾಯನ ಸಮಾಜದಲ್ಲಿ, ಊರಿನ ತಾಳವಾದ್ಯೋತ್ಸವಗಳಲ್ಲಿ ನಿಮ್ಮ ಪಕ್ಕದಲ್ಲೋ ಹಿಂದಿನ ಸಾಲಿನಲ್ಲೋ ಕೂತು ಕೇಳುತ್ತ ಬಂದವನು ನಾನು. ಹೆಸರು ಗೊತ್ತಿಲ್ಲದಿದ್ದರೂ ಮುಖ ನೋಡಿದರೆ ನಿಮ್ಮಲ್ಲಿ ಹಲವರು ಗುರುತು ಹಿಡಿದೀರಿ. ಅವೆನ್ಯೂ ರಸ್ತೆಯಲ್ಲಿ ನಮ್ಮದೊಂದು ಚಿಕ್ಕ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್ಕು, ಸಭೆಗಳ ಆಹ್ವಾನಪತ್ರ, ಉತ್ಸವದ ಕರಪತ್ರ, ಇವೇ ನಮ್ಮ ಅನ್ನ.

ಕಚೇರಿ ಮುಗಿದ ಮೇಲೆ ಗೇಟಿನ ಹೊರಗೆ, ಚಪ್ಪಲಿ ಹುಡುಕುತ್ತ, ಸ್ಕೂಟರಿನ ಕೀಲಿ ಕೈಯಲ್ಲೇ ಹಿಡಿದುಕೊಂಡು ನೀವು ಆಡುವ ಮಾತು ನನಗೆ ಬಹಳ ಇಷ್ಟ. 'ಖಂಡ ನಡೆಗೆ ಹೋದದ್ದು ಯಾವ ಆವರ್ತದಲ್ಲಿ ಅಂತ ಗೊತ್ತಾಯ್ತಾ ನಿಮಗೆ?' ಅಂತ ಒಬ್ಬರು. 'ಘಟದವರು ಅದನ್ನೇ ತಿರುಗಿಸಿ ವಾಪಸು ಕೊಟ್ರು ನೋಡಿ, ಅಲ್ಲಿ ಮೃದಂಗದವರ ಮುಖ ನೋಡಬೇಕಿತ್ತು' ಅಂತ ಇನ್ನೊಬ್ಬರು. ಮೂರನೆಯವರು ಆಗಲೇ ಬೆರಳು ಮಡಚಿ ಮುಕ್ತಾಯದ ಲೆಕ್ಕವನ್ನು ಮತ್ತೆ ಕಟ್ಟುತ್ತಿರುತ್ತಾರೆ. ಎಣಿಕೆ ಒಂದು ಅಕ್ಷರ ಹೆಚ್ಚು ಬಂದರೆ ಮೊದಲಿಂದ ಶುರು. ಗಾಂಧಿ ಬಜಾರಿನ ಹೋಟೆಲಿನಲ್ಲಿ ಕಾಫಿ ಆರಿದರೂ ಈ ಲೆಕ್ಕ ಮುಗಿಯುವುದಿಲ್ಲ.

ಇದನ್ನು ಹರಟೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಕೀರ್ತನೆಗೆ ಪುಸ್ತಕ ಇದೆ, ಸ್ವರಲಿಪಿ ಇದೆ, ಗುರುವಿನಿಂದ ಶಿಷ್ಯನಿಗೆ ಬಂದ ಪಾಠ ಇದೆ. ವೇದಿಕೆಯ ಮೇಲೆ ಆ ಗಳಿಗೆಯಲ್ಲಿ ಹುಟ್ಟಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿದುಹೋಗುವ ತನಿಗೆ, ತಾಳವಾದ್ಯದವರೇ ನುಡಿಸುವ ಆ ಸರದಿಗೆ, ಏನಿದೆ? ಹಿಂದಿನ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು ಮೂರೂವರೆ ನಿಮಿಷ. ಹಾಡುವವರಿಗೇ ಸಾಲದ ಜಾಗದಲ್ಲಿ ಮೃದಂಗಕ್ಕೆ ಬಿಡುವೆಲ್ಲಿ ಸಿಗಬೇಕು? ಪಾಲ್ಘಾಟ್ ಮಣಿ ಅಯ್ಯರ್ (1912–1981) ಮೈಕ್ ಬೇಡವೆಂದು ಹಟ ಹಿಡಿದವರು. ಮೈಕಿಲ್ಲದ ಸಭೆಯಲ್ಲಿ ಅವರ ಎಡಗೈಯ ನಾದ ಹಿಂದಿನ ಸಾಲಿಗೆ ಹೇಗೆ ಬಂದು ಮುಟ್ಟುತ್ತಿತ್ತು ಅನ್ನುವುದನ್ನು ಇವತ್ತು ತಿಳಿಯಬೇಕಾದರೆ, ಆ ಹಿಂದಿನ ಸಾಲಿನಲ್ಲಿ ಕೂತಿದ್ದವರು ಹೇಳಿಟ್ಟ ಮಾತೇ ಗತಿ. ಲಯದ ಚರಿತ್ರೆಯ ಬಹುಭಾಗ ಕೇಳಿದವರ ಬಾಯಲ್ಲಿದೆ. ಅಂದರೆ ನಿಮ್ಮ ಬಾಯಲ್ಲಿದೆ.

ಅದಕ್ಕೇ ನಿಮಗೆ ಈ ಪತ್ರ. ನಿಮ್ಮ ಕಿವಿಯನ್ನೂ ನಿಮ್ಮ ಮಾತನ್ನೂ ಒಂದು ರಾತ್ರಿಯ ಮಟ್ಟಿಗೆ ನಮ್ಮ ಬೀದಿಗೆ ಕರೆಯುತ್ತಿದ್ದೇನೆ. ಚೈತ್ರ ಶುದ್ಧ ಹುಣ್ಣಿಮೆಯ ರಾತ್ರಿ, ಕರಗ ಹೊರಡುವ ರಾತ್ರಿ, ನನ್ನ ಮಟ್ಟಿಗೆ ಈ ಊರಿನ ಅತಿ ದೊಡ್ಡ ತಾಳವಾದ್ಯೋತ್ಸವ ನಡೆಯುವುದು ಅವೆನ್ಯೂ ರಸ್ತೆಯಲ್ಲಿ, ಅದರ ಸುತ್ತಲಿನ ಪೇಟೆಗಳಲ್ಲಿ. ಅದಕ್ಕೆ ಟಿಕೆಟ್ಟಿಲ್ಲ, ಕುರ್ಚಿ ಇಲ್ಲ, ಆಹ್ವಾನಪತ್ರದಲ್ಲಿ ಕಲಾವಿದರ ಪಟ್ಟಿ ಇಲ್ಲ. ಕೊನೆಯದು ನನ್ನನ್ನು ಬಹಳ ಕಾಲದಿಂದ ಕೊರೆಯುತ್ತಿದೆ.

ಪಟ್ಟಿಯ ಮಾತು ಬಂದಾಗ ಮುದ್ರಕನಿಗೆ ಕಾಣುವುದು ಅಕ್ಷರದ ಅಳತೆ. ಮೊಳೆ ಜೋಡಿಸಿ ಟ್ರೆಡಲ್ ಮೆಷಿನ್ನಿನಲ್ಲಿ ಅಚ್ಚು ಹಾಕುತ್ತಿದ್ದ ಕಾಲದಿಂದ ಇಂದಿನ ಆಫ್‌ಸೆಟ್‌ವರೆಗೆ ಕಚೇರಿಯ ಕರಪತ್ರದ ಕ್ರಮ ಹೆಚ್ಚು ಕಡಿಮೆ ಒಂದೇ. ಹಾಡುವವರ ಹೆಸರು ದಪ್ಪಕ್ಷರದಲ್ಲಿ ಮೇಲೆ. ಅದರ ಕೆಳಗೆ ಪಿಟೀಲು. ಅದರ ಕೆಳಗೆ ಮೃದಂಗ. ಇನ್ನೂ ಕೆಳಗೆ, ಇನ್ನೂ ಸಣ್ಣಕ್ಕೆ, ಘಟ, ಖಂಜಿರ, ಮೋರ್ಸಿಂಗ್. ಎಷ್ಟೋ ಹಳೆಯ ಹಾಳೆಗಳಲ್ಲಿ ಆ ಕೊನೆಯ ಸಾಲೇ ಇರುವುದಿಲ್ಲ. ಉಪಪಕ್ಕವಾದ್ಯದವರು ಬಂದು ನುಡಿಸಿ ಹೋಗಿರುತ್ತಾರೆ, ಕಾಗದಕ್ಕೆ ಅದು ಗೊತ್ತಿರುವುದಿಲ್ಲ.

ಆ ಸಾಲು ಕಾಗದದ ಮೇಲೆ ಬಂದದ್ದೇ ಈ ಊರಿನ ಲಯಪ್ರಿಯರ ಸಾಧನೆ ಅಂತ ನಾನು ತಿಳಿದಿದ್ದೇನೆ. ನೋಡಿ, ಚಾಮರಾಜಪೇಟೆಯಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಶ್ರೀರಾಮ ಸೇವಾ ಮಂಡಳಿ ಶುರು ಮಾಡಿ ರಾಮೋತ್ಸವದ ಕಚೇರಿಗಳಿಗೆ ಸಾವಿರಾರು ಜನರನ್ನು ಕೂರಿಸಿದರು. ಚಪ್ಪರದಲ್ಲಿ ಜಾಗ ಸಾಲದೆ ರಸ್ತೆಯಲ್ಲಿ ನಿಂತು ಕೇಳುವ ಪದ್ಧತಿ ಅಲ್ಲಿ ಬೆಳೆಯಿತು. ಟಿ.ಎ.ಎಸ್. ಮಣಿಯವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತೆರೆದು, ತಾಳವಾದ್ಯಕ್ಕೇ ಮೀಸಲಾದ ಒಂದು ಶಾಲೆ ಇರಬಹುದು ಅಂತ ತೋರಿಸಿದರು. ಆ ಕಾಲೇಜಿನ ಬಳಗ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ನುಡಿಸಿದ 'ಜ್ಯೋತಿ' 1983ರಲ್ಲಿ ಯುರೋಪಿನಲ್ಲಿ ತಟ್ಟೆಯಾಗಿ ಬಂತು. ರಮಾಮಣಿಯವರ ಕಂಠ, ಅದರ ಕೆಳಗೆ ನಮ್ಮ ಮೃದಂಗ, ಘಟ. ಬೆಂಗಳೂರು ಕೆ. ವೆಂಕಟರಾಮ್ ಅವರು ಕಟ್ಟಿದ ಪರ್ಕಸಿವ್ ಆರ್ಟ್ಸ್ ಸೆಂಟರ್ ತಾಳವಾದ್ಯದವರನ್ನೇ ಮುಖ್ಯ ಕಲಾವಿದರನ್ನಾಗಿ ವೇದಿಕೆಯ ನಡುವೆ ಕೂರಿಸಿತು, ಅವರಿಗೇ ಬಿರುದು ಕೊಟ್ಟಿತು. ಸುಕನ್ಯಾ ರಾಮಗೋಪಾಲ್ ಅವರು ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತ ಇಟ್ಟುಕೊಂಡು ಘಟತರಂಗ ನುಡಿಸಿದರು, 1995ರಲ್ಲಿ ಹೆಂಗಸರದೇ ಆದ 'ಸ್ತ್ರೀ ತಾಳ ತರಂಗ' ಕಟ್ಟಿದರು. ಆನೂರು ಅನಂತಕೃಷ್ಣ ಶರ್ಮರ ತಾಳವಾದ್ಯ ಮೇಳ 'ಲಯ ಲಾವಣ್ಯ' ಬಂತು. ಬಿ.ಸಿ. ಮಂಜುನಾಥ್ ಅವರು ಬಾಯಲ್ಲಿ ಸೊಲ್ಲು ಹೇಳುವ ಕೊನ್ನಕೋಲನ್ನು ಇವತ್ತು ಕನ್ನಡದ ಒಂದಕ್ಷರ ಬಾರದವರೂ ಕೇಳಿ ಎಣಿಸಲು ಹೆಣಗುತ್ತಾರೆ.

ಇವರೆಲ್ಲರ ಹೆಸರು ನಿಮಗೆ ಬಾಯಿಪಾಠ. ಯಾರ ಶಿಷ್ಯರು ಯಾರು, ಯಾರ ಬೆರಳಿನಲ್ಲಿ ಯಾರ ಪಾಠಾಂತರ ಕೇಳುತ್ತದೆ ಅನ್ನುವುದನ್ನು ಕಣ್ಣು ಮುಚ್ಚಿ ಹೇಳುವವರು ನಿಮ್ಮಲ್ಲಿದ್ದಾರೆ. ಹೀಗಿರುವಾಗ ನನ್ನ ಪ್ರಶ್ನೆ ಇದು. ಕಳೆದ ಚೈತ್ರದ ಹುಣ್ಣಿಮೆಯಂದು ನಡುರಾತ್ರಿಯಿಂದ ಬೆಳಗಿನವರೆಗೆ ಈ ಬೀದಿಯಲ್ಲಿ ತಮಟೆ ಬಾರಿಸಿದವರಲ್ಲಿ ಒಬ್ಬರ ಹೆಸರನ್ನಾದರೂ ಹೇಳಬಲ್ಲಿರಾ?

ಕರಗವನ್ನು ಪತ್ರಿಕೆಯ ಚಿತ್ರದಲ್ಲಿ ಮಾತ್ರ ನೋಡಿದವರೂ ನಿಮ್ಮಲ್ಲಿ ಇರಬಹುದು, ಅದಕ್ಕೆ ಒಂದೆರಡು ಮಾತು. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ನಡುರಾತ್ರಿ ದಾಟಿದ ಮೇಲೆ ಕರಗ ಹೊರಡುತ್ತದೆ. ಮಲ್ಲಿಗೆಯಲ್ಲಿ ಮುಳುಗಿದ ಕರಗವನ್ನು ತಲೆಯ ಮೇಲೆ ಹೊತ್ತವರು ದ್ರೌಪದಿಯ ರೂಪದಲ್ಲಿ ನಡೆಯುತ್ತಾರೆ. ಸುತ್ತ ಬಿಚ್ಚುಗತ್ತಿ ಹಿಡಿದ ವೀರಕುಮಾರರು, 'ಗೋವಿಂದ ಗೋವಿಂದ' ಅನ್ನುವ ಕೂಗು. ಪೇಟೆಪೇಟೆಯ ಬೀದಿಗಳನ್ನು ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾದಲ್ಲಿ ನಿಂತು, ಬೆಳಗಾಗುವ ಹೊತ್ತಿಗೆ ಗುಡಿಗೆ ಮರಳುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಅಷ್ಟಾಗಿ ಯಾರೂ ಬರೆಯದ ಸಂಗತಿ ಒಂದಿದೆ. ಆ ರಾತ್ರಿ ಸುತ್ತಲಿನ ಗುಡಿಗಳ ಹೂವಿನ ಪಲ್ಲಕ್ಕಿಗಳೂ ಬೀದಿಗೆ ಇಳಿಯುತ್ತವೆ. ಪಲ್ಲಕ್ಕಿಗಳ ಮುಂದೆ ತಮಟೆಯವರು, ಡೋಲು ನಾಗಸ್ವರದವರು, ಕೆಲವು ಕಡೆ ಬ್ಯಾಂಡಿನವರು. ಹಗಲಲ್ಲಿ ಕೈಗಾಡಿ, ಆಟೊ, ಕಾಗದದ ರೀಮು ಹೊತ್ತ ಹಮಾಲರು, ಹಳೇ ಪುಸ್ತಕ ಕೆದಕುವ ಹುಡುಗರು ತುಂಬಿ ಉಸಿರುಗಟ್ಟುವ ಈ ಬೀದಿ, ಆ ರಾತ್ರಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಡಿತವೇ ಆಗಿಬಿಡುತ್ತದೆ.

ನಮ್ಮ ಬೀದಿಗೆ ಒಂದು ಗುಣವಿದೆ. ರಸ್ತೆ ಕಿರಿದು, ಎರಡೂ ಬದಿಗೆ ಮೂರು ನಾಲ್ಕು ಅಂತಸ್ತಿನ ಕಟ್ಟಡಗಳು ಒತ್ತಿಕೊಂಡು ನಿಂತಿವೆ, ರಾತ್ರಿ ಎಲ್ಲ ಅಂಗಡಿಗಳ ರೋಲಿಂಗ್ ಶಟರ್ ಇಳಿದಿರುತ್ತವೆ. ತಮಟೆಯ ಮೊದಲ ಪೆಟ್ಟು ಎದುರಿನ ಶಟರಿಗೆ ಬಡಿದು ಹಿಂದಕ್ಕೆ ಬರುತ್ತದೆ. ಪಳಗಿದ ತಮಟೆಯವರು ಇದನ್ನು ಬಲ್ಲರು. ಚಿಕ್ಕಪೇಟೆಯ ಕೂಡುರಸ್ತೆಯಂಥ ತೆರಪಿನಲ್ಲಿ ಒತ್ತೊತ್ತಾಗಿ ಬಾರಿಸುತ್ತಿದ್ದವರು ಕಟ್ಟಡಗಳ ನಡುವೆ ಬರುತ್ತಿದ್ದಂತೆ ಪೆಟ್ಟು ಬಿಡಿಸುತ್ತಾರೆ. ಹಾಗೆ ಬಿಡಿಸಿದಾಗ ಗೋಡೆಯಿಂದ ಮರಳಿದ ಸದ್ದಿಗೆ ಜಾಗ ಸಿಗುತ್ತದೆ, ಹತ್ತು ತಮಟೆ ಇಪ್ಪತ್ತಾಗಿ ಕೇಳುತ್ತದೆ. ಸಭಾಂಗಣದ ಗುಣ ನೋಡಿ ನುಡಿಸುವ ಮೃದಂಗದವರನ್ನು ನಾವು ಎಷ್ಟು ಹೊಗಳುತ್ತೇವೆ! ಇದೂ ಅದೇ ವಿದ್ಯೆ.

ಒಂದು ವರ್ಷದ್ದು ಹೇಳುತ್ತೇನೆ. ಒಂದು ಪಲ್ಲಕ್ಕಿ ಮೈಸೂರು ಬ್ಯಾಂಕಿನ ಕಡೆಯಿಂದ ಬರುತ್ತಿತ್ತು, ಇನ್ನೊಂದು ಅಡ್ಡರಸ್ತೆಯಿಂದ ಒಳಗೆ ತಿರುಗಿತು. ಮೊದಲ ಪಲ್ಲಕ್ಕಿಯ ತಮಟೆಯವರು ತಿಸ್ರದಲ್ಲಿದ್ದರು, ಕುಣಿಸುವ ವೇಗ. ಅಡ್ಡರಸ್ತೆಯಿಂದ ಬಂದವರದು ನಾಲ್ಕರ ನಡೆ, ನಿಧಾನ, ಭಾರವಾದ ಹೆಜ್ಜೆ. ಎರಡು ಗುಂಪು ಎದುರಾದಾಗ ಕೆಲವು ಕ್ಷಣ ಬರೀ ಗದ್ದಲ. ಜನ ಕಿವಿ ಮುಚ್ಚಿಕೊಂಡರು. ಅಡ್ಡರಸ್ತೆಯ ಗುಂಪಿನ ಮುಂದಾಳು ನಡುವಯಸ್ಸಿನವರು, ತಲೆಗೆ ಟವೆಲ್ ಸುತ್ತಿದ್ದರು. ತಮ್ಮವರ ಕಡೆ ತಿರುಗಿ ಹಿಮ್ಮುಖವಾಗಿ ನಡೆಯುತ್ತ ದಪ್ಪ ಕೋಲನ್ನು ಎತ್ತಿ ಹಿಡಿದರು. ಗುಂಪಿನ ಬಡಿತ ನಿಂತಿತು. ಅವರೊಬ್ಬರೇ ತೆಳ್ಳನೆಯ ಬಿದಿರ ಕಡ್ಡಿಯಲ್ಲಿ ಎದುರಿನವರ ತಿಸ್ರವನ್ನು ಹಿಡಿದರು, ಅದರ ಮೇಲೆ ತಮ್ಮ ನಾಲ್ಕನ್ನು ದಪ್ಪ ಕೋಲಿನಲ್ಲಿ ಇಟ್ಟರು. ಮೂರರೊಳಗೆ ನಾಲ್ಕು. ಎರಡೂ ಸೇರುವ ಜಾಗಕ್ಕೆ ಬಂದಾಗ ತಲೆ ಆಡಿಸಿದರು, ಹಿಂದಿನವರು ಒಟ್ಟಿಗೆ ಬಿದ್ದರು. ಎದುರಿನ ಗುಂಪಿನ ಹುಡುಗರಿಗೆ ಅರ್ಥವಾಯಿತು, ಅವರು ವೇಗ ಒಂದಿಷ್ಟೂ ಸಡಿಲಿಸದೆ ತಮ್ಮ ನಡೆ ಹಿಡಿದುಕೊಂಡರು. ಪಲ್ಲಕ್ಕಿಗಳು ಒಂದನ್ನೊಂದು ದಾಟುವಷ್ಟು ಹೊತ್ತು, ಪರಸ್ಪರ ಮುಖ ನೋಡದ ಎರಡು ಗುಂಪಿನವರು ಒಂದೇ ತಾಳದಲ್ಲಿದ್ದರು. ಕಚೇರಿಯಲ್ಲಿ ಮೃದಂಗ, ಖಂಜಿರದವರು ಒಬ್ಬರಿಗೊಬ್ಬರು ಉತ್ತರ ಕೊಡುತ್ತ ಕೊರಪ್ಪು ನುಡಿಸುವಾಗ ನೀವು ಹೇಗೆ ಮುಂದಕ್ಕೆ ಬಾಗಿ ಕೂರುತ್ತೀರೋ ಹಾಗೆ ಬಾಗಬೇಕಾದ ಗಳಿಗೆ ಅದು. ಒಂದು ವ್ಯತ್ಯಾಸ, ಇಲ್ಲಿ ಇಬ್ಬರೂ ನಡೆಯುತ್ತಿದ್ದರು. ಪಲ್ಲಕ್ಕಿ ಜನರಲ್ಲಿ ಕರಗಿಹೋಯಿತು. ಆ ಮುಂದಾಳು ಯಾರು, ಯಾವ ಊರು, ಯಾರಿಂದ ಕಲಿತರು, ಕೇಳಿ ಇಟ್ಟುಕೊಂಡವರು ನಮ್ಮ ಬೀದಿಯಲ್ಲಿ ಒಬ್ಬರೂ ಇಲ್ಲ.

ತಮಟೆ ಮತ್ತು ಮೃದಂಗ ಬೇರೆ ಬೇರೆ ಲೋಕ ಅನ್ನುವವರಿಗೆ ನಮ್ಮಿಂದ ಐದು ನಿಮಿಷದ ದಾರಿಯ ಬಳೇಪೇಟೆಗೆ ಹೋಗಿ ಬನ್ನಿ ಅನ್ನುತ್ತೇನೆ. ವಾದ್ಯದ ಅಂಗಡಿಗಳ ಬೀದಿ ಅದು. ಹಾರ್ಮೋನಿಯಂ, ತಬಲ, ಮೃದಂಗ, ಡೋಲು, ಎಲ್ಲ ಒಂದೇ ಛಾವಣಿಯ ಕೆಳಗೆ ತೂಗುತ್ತಿರುತ್ತವೆ. ಮೃದಂಗದ ಹಲಸಿನ ಗೂಡಿಗೆ ಎರಡು ಬದಿಯಲ್ಲೂ ಪದರ ಪದರವಾಗಿ ಕೂತಿರುವುದು ಹಸು, ಎಮ್ಮೆ, ಮೇಕೆಯ ಚರ್ಮ. ಬಲಗಡೆ ಕರಣೆ ಅನ್ನುವ ಕಪ್ಪು ಲೇಪ, ಎಡಗಡೆ ಕಚೇರಿಗೆ ಮುಂಚೆ ಮೆತ್ತುವ ರವೆ. ಆ ಚರ್ಮವನ್ನು ಆರಿಸಿ, ಹದ ಮಾಡಿ, ಎಳೆದು ಕಟ್ಟುವ ಕೈಗಳು ಯಾವ ಕೇರಿಗಳಿಂದ ಬಂದವು ಅನ್ನುವುದನ್ನು ಟಿ.ಎಂ. ಕೃಷ್ಣ ಅವರು 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಪುಸ್ತಕದಲ್ಲಿ ಹೆಸರು ಹೆಸರಾಗಿ ಬರೆದರು. ಮಣಿ ಅಯ್ಯರ್ ಅವರ ನಾದದ ಹಿಂದೆ ಪರ್ಲಾಂದು ಅನ್ನುವ ಕುಶಲಿಯ ಕೈ ಇತ್ತು ಅನ್ನುವುದು ಬಹಳ ಜನ ರಸಿಕರಿಗೆ ಆಗ ತಿಳಿಯಿತು. ಒಬ್ಬರು ಕೂತು ಕೇಳಿ ಬರೆದದ್ದರಿಂದ ತಿಳಿಯಿತು. ಅದಕ್ಕೆ ಮುಂಚೆಯೂ ಪರ್ಲಾಂದು ಇದ್ದರು.

ಚರ್ಮದ ಜೊತೆ ಹೇಗೆ ಬಾಳಬೇಕು ಅನ್ನುವುದು ಎಲ್ಲ ತಾಳವಾದ್ಯದವರ ದಿನದ ಚಿಂತೆ. ಖಂಜಿರದವರು ಕಚೇರಿಯ ನಡುವೆ ನೀರು ಸವರಿ ಶ್ರುತಿ ಇಳಿಸುತ್ತಾರೆ. ಹಿಂದೆ ಅದಕ್ಕೆ ಉಡದ ಚರ್ಮ ಕಟ್ಟುತ್ತಿದ್ದರು, ವನ್ಯಜೀವಿ ಕಾಯ್ದೆಯ ಕಾರಣ ಈಗ ಅದು ಸಲ್ಲದು, ಮೇಕೆಯದನ್ನೋ ಕೃತಕ ಚರ್ಮವನ್ನೋ ಹಾಕುತ್ತಾರೆ. ತಮಟೆಯವರದು ತದ್ವಿರುದ್ಧ, ಅವರಿಗೆ ಬೇಕಾದದ್ದು ಬೆಂಕಿ. ರಾತ್ರಿಯ ತಂಪಿಗೆ ಚರ್ಮ ಸಡಿಲವಾಗಿ ನಾದ ಮಂಕಾಗುತ್ತದೆ. ಪಲ್ಲಕ್ಕಿ ಎಲ್ಲಾದರೂ ನಿಂತ ಕೂಡಲೇ ಅವರು ಮೂಲೆಗೆ ಸರಿದು ಕಾಗದ ಹೊತ್ತಿಸಿ ತಮಟೆ ಕಾಯಿಸುತ್ತಾರೆ. ಇದು ಪ್ರೆಸ್ಸುಗಳ ಬೀದಿ, ಕಟಿಂಗ್ ಮೆಷಿನ್ನಿನಿಂದ ಬಿದ್ದ ಅಂಚಿನ ಕಾಗದಕ್ಕೆ ಬರವಿಲ್ಲ. ಒಂದು ಮೂಟೆ ನಾವು ಆ ರಾತ್ರಿಗೆಂದೇ ಹೊರಗೆ ಇಟ್ಟಿರುತ್ತೇವೆ. ಉರಿಯ ಮೇಲೆ ತಮಟೆ ತಿರುಗಿಸುತ್ತ ಬೆರಳಿನಿಂದ ಒಮ್ಮೆ ತಟ್ಟಿ ಕಿವಿಗೆ ಹಿಡಿಯುತ್ತಾರೆ, ಮತ್ತೆ ಉರಿಗೆ, ಮತ್ತೆ ಕಿವಿಗೆ. ಜೊತೆಯವರ ತಮಟೆಗೆ ಹೊಂದುವವರೆಗೆ ಬಿಡುವುದಿಲ್ಲ. ಶ್ರುತಿ ನೋಡುವುದು ಅಂದರೆ ಇದಲ್ಲದೆ ಮತ್ತೇನು? ಈಚೆಗೆ ಪ್ಲಾಸ್ಟಿಕ್ಕಿನ ತಮಟೆಗಳು ಬಹಳ ಬಂದಿವೆ. ಅವಕ್ಕೆ ಬೆಂಕಿ ಬೇಡ, ಮಳೆ ಬಂದರೂ ಚಿಂತೆಯಿಲ್ಲ, ಸದ್ದು ಚುರುಕು. ಹುಡುಗರಿಗೆ ಹಗುರ. ಅದನ್ನು ಬಳಸುವವರನ್ನು ನಾನು ಹಳಿಯಲಾರೆ. ಆದರೆ ಚರ್ಮದ ತಮಟೆಯ ಪೆಟ್ಟಿನ ಹಿಂದೆ ಹೊಟ್ಟೆಯಲ್ಲಿ ಗುಡುಗಿ ಹೋಗುವ ಒಂದು ನಾದ ಇದೆಯಲ್ಲ, ಅದನ್ನು ಕೇಳಿದವರು ಇನ್ನೂ ಇರುವಾಗಲೇ ಎರಡರ ವ್ಯತ್ಯಾಸ ಬರೆದಿಡಬೇಕು. ಈ ಕೆಲಸಕ್ಕೆ ನಿಮ್ಮಂಥ ಕಿವಿಯೇ ಬೇಕು.

ಹೆಸರು ಹಿಡಿದು ಹೇಳುವ ಪದ್ಧತಿ ಬೇರೆಡೆ ಇಲ್ಲದೆ ಇಲ್ಲ. ಕರಾವಳಿಯಲ್ಲಿ ಯಕ್ಷಗಾನ ನೋಡಿ ಬಂದ ರೈತರು ಭಾಗವತರು ಯಾರು, ಚೆಂಡೆ ಯಾರದು, ಮದ್ದಳೆ ಯಾರದು ಅಂತ ಹೇಳಿಯೇ ಆಟದ ಸುದ್ದಿ ಶುರು ಮಾಡುತ್ತಾರೆ. ನೂರು ವರ್ಷ ದಾಟಿ ಬಾಳಿ 2020ರಲ್ಲಿ ತೀರಿಕೊಂಡ ಹಿರಿಯಡ್ಕ ಗೋಪಾಲ ರಾಯರ ಮದ್ದಳೆಯ ನೆನಪು ಉಡುಪಿ ಸೀಮೆಯಲ್ಲಿ ಮನೆಮಾತು. ತ್ರಿಶೂರಿನ ಪೂರಂನಲ್ಲಿ ವಡಕ್ಕುನ್ನಾಥನ ಗುಡಿಯ ಆವರಣದ ಮರದ ಕೆಳಗೆ ಇನ್ನೂರಕ್ಕೂ ಹೆಚ್ಚು ಜನ ಚೆಂಡೆ, ಇಲತ್ತಾಳ, ಕೊಂಬು, ಕುಳಲು ಹಿಡಿದು ಎರಡು ತಾಸಿಗೂ ಮೀರಿ ಪಾಂಡಿಮೇಳ ನಡೆಸುತ್ತಾರೆ. ಎದುರಿಗೆ ನಿಂತ ಸಾವಿರಾರು ಜನ ಕೈ ಮೇಲೆತ್ತಿ ತಾಳ ಹಾಕುತ್ತಾರೆ. ಆ ಮೇಳವನ್ನು ಬಹು ವರ್ಷ ನಡೆಸಿದ ಪೆರುವನಂ ಕುಟ್ಟನ್ ಮಾರಾರ್ ಅವರ ಹೆಸರು ಗೊತ್ತಿಲ್ಲದವರು ಆ ಊರಿನಲ್ಲಿ ಸಿಗಲಾರರು. ಮೇಳ ಮುಗಿದ ಮೇಲೆ ಟೀ ಅಂಗಡಿಯಲ್ಲಿ ಯಾವ ಕಾಲ ಎಷ್ಟು ಹೊತ್ತು ನಿಂತಿತು ಅನ್ನುವ ವಾದ, ನಿಮ್ಮ ಮುಕ್ತಾಯದ ಲೆಕ್ಕದ ವಾದದಂತೆಯೇ. ಅದು ಬೀದಿಯ ಉತ್ಸವವೇ, ದೇವರ ಮೆರವಣಿಗೆಯೇ. ಅಲ್ಲಿ ಸಾಧ್ಯವಾದದ್ದು ಇಲ್ಲೇಕೆ ಆಗಲಿಲ್ಲ?

ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು. ತಮಟೆ ನಮ್ಮ ಸೀಮೆಯಲ್ಲಿ ತಲೆತಲಾಂತರದಿಂದ ದಲಿತ ಕುಟುಂಬಗಳ ಕೈಯಲ್ಲಿದ್ದ ವಾದ್ಯ. ಊರಿನಲ್ಲಿ ಸಾರಲು, ಸಾವಿನ ಮುಂದೆ ನಡೆಯಲು, ಜಾತ್ರೆಯಲ್ಲಿ ಕುಣಿಸಲು ಅವರು ಬೇಕು. ಬಾರಿಸುವುದು ಅವರ ಬಾಧ್ಯತೆ ಅಂತ ಊರು ತಿಳಿದಿತ್ತು, ಕಲೆ ಅಂತ ತಿಳಿದಿರಲಿಲ್ಲ. ಬಾಧ್ಯತೆ ಸಲ್ಲಿಸಿದವನ ಹೆಸರು ಯಾರು ಬರೆಯುತ್ತಾರೆ? ಎಷ್ಟೋ ಮನೆಗಳಲ್ಲಿ ಓದಿದ ಮಕ್ಕಳು 'ಇನ್ನು ಇದನ್ನು ಮುಟ್ಟುವುದಿಲ್ಲ' ಅಂತ ತಮಟೆ ಕೆಳಗಿಟ್ಟದ್ದಕ್ಕೆ ಕಾರಣ ಇದು, ಆ ನಿರ್ಧಾರದ ಮುಂದೆ ತಲೆಬಾಗಬೇಕು. ಇನ್ನು ಕೆಲವರು ಅದೇ ತಮಟೆಯನ್ನು ದಲಿತ ಚಳವಳಿಯ ಮೆರವಣಿಗೆಗಳಿಗೆ ತಂದು, ಹಾಡಿನ ಜೊತೆ ಬಾರಿಸಿ, ಹಕ್ಕು ಕೇಳುವ ದನಿಯನ್ನಾಗಿ ಮಾಡಿದರು. ಚಿಕ್ಕಬಳ್ಳಾಪುರ ಜಿಲ್ಲೆಯ ನಾಡೋಜ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ, ರಾಷ್ಟ್ರಪತಿ ಭವನದ ಪಟ್ಟಿಯಲ್ಲಿ ಒಬ್ಬ ತಮಟೆ ಕಲಾವಿದರ ಹೆಸರು ಅಚ್ಚಾಯಿತು. ದೆಹಲಿಯ ಪಟ್ಟಿಯಲ್ಲಿ ಬರುವ ವಾದ್ಯ ಅವೆನ್ಯೂ ರಸ್ತೆಯ ಕರಪತ್ರದಲ್ಲಿ ಬರಲಾಗದೇ?

ಒಂದು ಆತಂಕವನ್ನೂ ಹೇಳಿಬಿಡುತ್ತೇನೆ. ನಾವು ಸಂಗೀತದವರು ಒಂದು ವಾದ್ಯವನ್ನು 'ಕಂಡುಹಿಡಿದ' ಮೇಲೆ ಅದರ ಮನೆಯವರಿಗಿಂತ ಜಾಸ್ತಿ ಮಾತಾಡುವುದಿದೆ. ಅದಕ್ಕೆ ಶಾಸ್ತ್ರದ ಮಣೆ ಹಾಕಿ, ಇದು ಇಂಥ ಜಾತಿ, ಇಂಥ ನಡೆ ಅಂತ ಚೀಟಿ ಅಂಟಿಸಿ ಕೈ ತೊಳೆಯುವುದಿದೆ. ಮೇಲೆ ನಾನು ತಿಸ್ರ ಅಂತ ಬರೆದದ್ದು ನಿಮಗೆ ತಟ್ಟನೆ ಕಿವಿಗೆ ಬರಲಿ ಅಂತ. ಬಾರಿಸಿದವರು ಆ ಪೆಟ್ಟಿಗೆ ತಮ್ಮದೇ ಹೆಸರು ಇಟ್ಟುಕೊಂಡಿರುತ್ತಾರೆ. ಊರಿಂದ ಊರಿಗೆ ಅದು ಬೇರೆ. ಅದನ್ನು ಅವರ ಬಾಯಿಂದಲೇ ಕೇಳಿ, ಅವರು ಹೇಳಿದ ಹಾಗೇ ಬರೆದುಕೊಳ್ಳಬೇಕು. 'ನಿಮ್ಮ ಮಕ್ಕಳಿಗೂ ಕಲಿಸಿ, ಕಲೆ ಉಳಿಯಲಿ' ಅನ್ನುವ ಉಪದೇಶ ನಮ್ಮ ಬಾಯಿಂದ ಬೇಡವೇ ಬೇಡ. ಅವರ ಮಕ್ಕಳು ಎಂಜಿನಿಯರ್ ಆಗಲಿ, ತಮಟೆಯೂ ಬಾರಿಸಲಿ, ಬಾರಿಸದಿರಲಿ, ಅದು ಅವರ ಮನೆಯ ವಿಷಯ. ಕೇಳುಗರಾದ ನಮ್ಮ ಪಾಲಿಗೆ ಬಂದದ್ದು ಇಷ್ಟೇ: ಸರಿಯಾಗಿ ಕೇಳುವುದು, ಯಾರು ಬಾರಿಸಿದರು ಅಂತ ತಿಳಿಯುವುದು, ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳುವುದು.

2020ರ ಚೈತ್ರದಲ್ಲಿ ಕೊರೊನಾ ಕಾರಣ ಕರಗ ಬೀದಿಗೆ ಬರಲಿಲ್ಲ. ಹುಣ್ಣಿಮೆಯ ಬೆಳಕು ಖಾಲಿ ರಸ್ತೆಯ ಮೇಲೆ ಬಿದ್ದಿತ್ತು. ಆ ರಾತ್ರಿಯ ಸಂಪಾದನೆ ನಂಬಿಕೊಂಡಿದ್ದ ತಮಟೆಯವರ ಮನೆಗಳಲ್ಲಿ ಏನಾಗಿರಬಹುದು ಅಂತ ಯೋಚಿಸಿದೆ. ಸಭೆಯ ಕಲಾವಿದರಿಗೆ ನಿಮ್ಮಲ್ಲಿ ಕೆಲವರು ಆಗ ಹಣ ಒಟ್ಟುಮಾಡಿ ಕಳಿಸಿದ್ದು ನನಗೆ ಗೊತ್ತು, ಒಳ್ಳೆಯ ಕೆಲಸ. ತಮಟೆಯವರಿಗೆ ಕಳಿಸೋಣವೆಂದರೆ ನಮ್ಮಲ್ಲಿ ಯಾರ ಬಳಿಯೂ ಒಂದು ವಿಳಾಸವಿರಲಿಲ್ಲ. ಹೆಸರು ಗೊತ್ತಿರುವುದು ಬರೀ ಗೌರವದ ಮಾತಲ್ಲ, ಕಷ್ಟಕಾಲದಲ್ಲಿ ಅದೇ ದಾರಿ.

ಈಗ ನನ್ನ ಕೋರಿಕೆ. ಬರುವ ಚೈತ್ರ ಹುಣ್ಣಿಮೆಯಂದು ಬನ್ನಿ. ಗುಂಪಾಗಿ ಬಂದರೂ ಬೀದಿಯಲ್ಲಿ ಇಬ್ಬಿಬ್ಬರಾಗಿ ಹಂಚಿಕೊಂಡು ನಿಲ್ಲಿ, ಇಡೀ ರಸ್ತೆ ಕೇಳಿದಂತಾಗುತ್ತದೆ. ಕರಗದ ದಾರಿಗೆ, ವೀರಕುಮಾರರಿಗೆ ಅಡ್ಡ ಬರಬೇಡಿ. ಅದು ವಹ್ನಿಕುಲದ ತಿಗಳರು ವ್ರತ ಹಿಡಿದು ನಡೆಸುವ ಆಚರಣೆ, ನಾವು ಅಲ್ಲಿ ಅತಿಥಿಗಳು. ತಮಟೆಯವರನ್ನು ಮಾತಾಡಿಸಬೇಕಾದರೆ ತಮಟೆ ಕಾಯಿಸುವ ಹೊತ್ತು ಸರಿಯಾದ ಹೊತ್ತು. 'ಅಣ್ಣ, ಯಾವ ಊರು ನಿಮ್ದು?' ಅಂದರೆ ಸಾಕು, ಮಾತು ತಾನೇ ಬರುತ್ತದೆ. ಹಿರಿಯರಾದರೆ ಯಜಮಾನ್ರೇ ಅನ್ನಿ. ಏಕವಚನ ಮಾತ್ರ ಬೇಡ. ಹೆಸರು ಹಾಕಲು ಒಪ್ಪಿಗೆ ಕೇಳಿ, ಬೇಡ ಅಂದವರನ್ನು ಬಿಟ್ಟುಬಿಡಿ. ಮೊಬೈಲಿನಲ್ಲಿ ತುಂಬಾ ಹೊತ್ತು ರೆಕಾರ್ಡ್ ಮಾಡಿಕೊಂಡರೆ ಅವರ ಕೈಗೆ ಸಲ್ಲಬೇಕಾದದ್ದು ಸಲ್ಲಿಸಿ. ಸಭೆಯಲ್ಲಿ ಟಿಕೆಟ್ ಕೊಂಡು ಕೇಳುವವರು ನಾವು, ಬೀದಿಯಲ್ಲಿ ಬಿಟ್ಟಿ ಕೇಳುವುದು ಸರಿಯಲ್ಲ.

ಆಮೇಲೆ ಬರೆಯಿರಿ. 'ಅದ್ಭುತ', 'ಮೈ ಜುಮ್ಮೆಂದಿತು' ಬೇಡ, ತನಿಯ ಬಗ್ಗೆ ನೀವು ಗೇಟಿನ ಹೊರಗೆ ಹೇಗೆ ಮಾತಾಡುತ್ತೀರೋ ಹಾಗೆ ಬರೆಯಿರಿ. ಯಾವ ಗುಡಿಯ ಪಲ್ಲಕ್ಕಿ, ಎಷ್ಟು ಜನ, ಚರ್ಮವೋ ಪ್ಲಾಸ್ಟಿಕ್ಕೋ, ಮುಂದಾಳು ಯಾರು, ಸನ್ನೆ ಹೇಗೆ ಕೊಟ್ಟರು, ಪೆಟ್ಟು ಎಲ್ಲಿ ತಿರುಗಿತು, ಜನ ಎಲ್ಲಿ ಕುಣಿದರು, ಎಲ್ಲಿ ಸುಮ್ಮನಾದರು. ಡೋಲಿನವರನ್ನೂ ಮರೆಯಬೇಡಿ, ನಾಗಸ್ವ‌ರದವರ ನೆರಳಿನಲ್ಲಿ ಅವರ ಹೆಸರೂ ಮಸುಕಾಗಿದೆ. ನಿಮ್ಮಲ್ಲಿ ಪೇಟೆಯಲ್ಲೇ ಹುಟ್ಟಿ ಬೆಳೆದ ಹಿರಿಯರು ಇದ್ದೀರಿ, ಈಗ ಮಲ್ಲೇಶ್ವರದಲ್ಲೋ ಜಯನಗರದಲ್ಲೋ ಇರುವವರು. ನಡೆದು ಬರಲಾಗದಿದ್ದರೆ, ಅಜ್ಜನ ಹೆಗಲ ಮೇಲೆ ಕೂತು ಕೇಳಿದ ರಾತ್ರಿಗಳನ್ನು ಬರೆದು ಕಳಿಸಿ. ದೊಡ್ಡಪೇಟೆ ಅಂತ ಈ ರಸ್ತೆಯನ್ನು ಕರೆಯುತ್ತಿದ್ದವರ ಕಿವಿಯಲ್ಲಿ ಉಳಿದದ್ದು ಇನ್ನೆಲ್ಲೂ ಸಿಗುವುದಿಲ್ಲ.

ಅಚ್ಚು ಹಾಕುವ ಹೊಣೆ ನನ್ನದು. ಎಂಟು ಪುಟ ಆದೀತೋ, ನಲವತ್ತು ಆದೀತೋ, ನೀವು ಎಷ್ಟು ತರುತ್ತೀರೋ ಅಷ್ಟು. ತಮಟೆಯವರ, ಡೋಲಿನವರ ಹೆಸರುಗಳು ಕಚೇರಿಯ ಕರಪತ್ರದಲ್ಲಿ ಹಾಡುವವರ ಹೆಸರಿಗೆ ಹಾಕುವ ಅದೇ ದಪ್ಪಕ್ಷರದಲ್ಲಿ ಬರುತ್ತವೆ, ಒಂದು ಪಾಯಿಂಟ್ ಕೂಡ ಕಡಿಮೆಯಾಗದೆ. ಬರೆದವರ ಹೆಸರು ಕೆಳಗೆ ಸಣ್ಣಕ್ಕೆ. ಮೊದಲ ಪ್ರತಿಗಳು ಹೆಸರಿದ್ದವರ ಮನೆಗಳಿಗೆ ಹೋಗಬೇಕು, ಅದಕ್ಕೇ ಊರಿನ ವಿಳಾಸ ಮರೆಯದೆ ಕೇಳಿಕೊಳ್ಳಿ. ಉಳಿದವು ಕೋಟೆ ಹೈಸ್ಕೂಲಿನ ಗೇಟಿನಲ್ಲಿ, ಕಚೇರಿ ಮುಗಿದು ನೀವು ಚಪ್ಪಲಿ ಹುಡುಕುವ ಹೊತ್ತಿಗೆ, ನಿಮ್ಮ ಕೈಗೆ ಸಿಗುತ್ತವೆ.

ಆ ರಾತ್ರಿ ವಾಹನ ತರಬೇಡಿ, ಪೇಟೆಯೊಳಗೆ ಬಿಡುವುದಿಲ್ಲ. ಮೆಟ್ರೊದಲ್ಲಿ ಬರುವುದಾದರೆ ಚಿಕ್ಕಪೇಟೆ ನಿಲ್ದಾಣ ಹತ್ತಿರ. ಕೊನೆಯ ರೈಲಿಗೆ ಇಳಿದರೆ ಬೆಳಗಿನ ಮೊದಲ ರೈಲಿನವರೆಗೆ ಹೇಗೂ ಇಲ್ಲೇ ಇರುತ್ತೀರಿ. ಕೂರಲು ಪ್ರೆಸ್ಸಿನ ಕಟ್ಟೆ ಇದೆ, ಕಾಫಿ ಫ್ಲಾಸ್ಕಿನಲ್ಲಿ ಇರುತ್ತದೆ. ಬರೆದದ್ದನ್ನು ಹುಣ್ಣಿಮೆ ಕಳೆದ ಮೊದಲ ಎರಡು ಭಾನುವಾರಗಳಲ್ಲಿ ತಂದುಕೊಡಿ. ಅಂಗಡಿಗಳು ಮುಚ್ಚಿ ಹಳೇ ಪುಸ್ತಕದವರು ಫುಟ್‌ಪಾತಿನ ತುಂಬ ಹರಡಿಕೊಂಡಿರುತ್ತಾರೆ, ಅವರ ಹಿಂದೆ ಅರ್ಧ ಎತ್ತಿದ ಶಟರ್ ನಮ್ಮದು. ಕೈಬರಹವೇ ಆಗಲಿ, ಬಸ್ ಟಿಕೆಟಿನ ಹಿಂದೆ ಗೀಚಿದ್ದೇ ಆಗಲಿ, ಹೆಸರುಗಳ ಕಾಗುಣಿತ ಮಾತ್ರ ಅವರಿಂದಲೇ ಕೇಳಿ ಸರಿ ಮಾಡಿಕೊಂಡು ಬನ್ನಿ.

ಇಂತಿ ನಿಮ್ಮವನೇ ಆದ,
ಅವೆನ್ಯೂ ರಸ್ತೆಯ ಒಬ್ಬ ಮುದ್ರಕ